ಕೊಲ್ಲುವ ಬ್ಯಾಕ್ಟೀರಿಯಾ ತಾನೇಕೆ ಸಾಯುವುದಿಲ್ಲ? ಕಲ್ಚರ್ ಲ್ಯಾಬಿನ ಕೆಲಸದಲ್ಲಿ ಕಲಿತದ್ದು

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ನಾನು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ. ಪೋಷಕ ಜೆಲ್ಲಿ ತುಂಬಿದ ಪ್ಲೇಟಿನ ಮೇಲೆ ಒಂದು ಬ್ಯಾಕ್ಟೀರಿಯಾ ಬೆಳೆದಿದೆ. ಅದರ ಸುತ್ತ ಬೇರೆ ಬ್ಯಾಕ್ಟೀರಿಯಾ ಸತ್ತು ಸ್ವಚ್ಛವಾದ ವೃತ್ತ ಮೂಡಿದೆ. ಅಂದರೆ ಅದು ಏನನ್ನೋ ಸ್ರವಿಸುತ್ತಿದೆ, ಅದರಿಂದ ಅಕ್ಕಪಕ್ಕದವು ಸಾಯುತ್ತಿವೆ. ಸರಿ, ಆ ವಸ್ತು ಎಲ್ಲಕ್ಕಿಂತ ದಟ್ಟವಾಗಿರುವುದು ವೃತ್ತದ ನಟ್ಟನಡುವೆ. ಅಲ್ಲೇ ಕೂತಿರುವ ಬ್ಯಾಕ್ಟೀರಿಯಾ ಹೇಗೆ ಬದುಕಿದೆ?

ಬಹಳ ಜನ ಕೊಡುವ ಉತ್ತರ ಒಂದೇ. "ಅದು ಅದರದ್ದೇ ಅಲ್ವಾ ಮೇಡಂ, ಅದಕ್ಕೇನೂ ಆಗಲ್ಲ."

ಅಣುವಿಗೆ ತನ್ನವರು, ಪರರು ಎಂಬ ಭೇದ ಗೊತ್ತಿಲ್ಲ. ತನ್ನ ಗುರಿ ಎಲ್ಲಿ ಸಿಕ್ಕರೂ ಅದು ಹೋಗಿ ಹಿಡಿಯುತ್ತದೆ, ಮತ್ತು ಆ ಗುರಿ ಅದನ್ನು ತಯಾರಿಸಿದ ಜೀವಿಯ ಮೈಮೇಲೂ ಇದೆ. ಹಾಗಾಗಿ ಉಳಿಯಬೇಕಾದರೆ ಆ ಜೀವಿ ತನಗೆಂದೇ ಒಂದು ವ್ಯವಸ್ಥೆ ಮಾಡಿಕೊಂಡಿರಲೇಬೇಕು. ಆ ವ್ಯವಸ್ಥೆ ಯಾವುದು, ಎಷ್ಟು ಗಟ್ಟಿ, ಎಷ್ಟು ದಿನ ಬಾಳುತ್ತದೆ ಎಂದು ತಿಳಿಯದೆ ಅಂಥ ತಳಿಯನ್ನು ಯಾವ ಆಹಾರಕ್ಕೂ ಸೇರಿಸಬಾರದು. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. "ಎಷ್ಟು ಕೊಲ್ಲುತ್ತದೆ" ಎಂದು ಎಲ್ಲರೂ ಅಳೆಯುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು "ತಾನು ಹೇಗೆ ಉಳಿಯುತ್ತದೆ" ಎನ್ನುವುದನ್ನು.

ನಾನು ಕೆಲಸ ಮಾಡುವುದು ಡೈರಿಗಳಿಗೆ ಸ್ಟಾರ್ಟರ್ ಕಲ್ಚರ್ ಸಿದ್ಧಪಡಿಸುವ ವಿಭಾಗದಲ್ಲಿ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ಕೆಲಸವೇ ಇದು. ಆದರೆ ನಮ್ಮ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ, ಎಷ್ಟು ಗಂಟೆಯಲ್ಲಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಎಲ್ಲಿಗೆ ಇಳಿಯಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಮೊಸರು, ಮಜ್ಜಿಗೆ, ಚೀಸ್, ಒಂದೊಂದಕ್ಕೂ ಬೇರೆ ಬೇರೆ ಜೋಡಣೆ. ಇದರಲ್ಲಿ ಕೆಲವು ತಳಿಗಳನ್ನು ನಾವು ಹುಳಿಗಾಗಿಯಷ್ಟೇ ಆರಿಸುವುದಿಲ್ಲ. ಬೇಡದ ಬ್ಯಾಕ್ಟೀರಿಯಾಗಳನ್ನು ತಡೆಯುವ ಪೆಪ್ಟೈಡ್‌ಗಳನ್ನು ಅವು ತಾವೇ ತಯಾರಿಸುತ್ತವೆ ಎಂಬ ಕಾರಣಕ್ಕೂ ಆರಿಸುತ್ತೇವೆ. ಪೆಪ್ಟೈಡ್ ಅಂದರೆ ಅಮೈನೊ ಆಮ್ಲಗಳ ಗಿಡ್ಡ ಸರಪಳಿ. ಬ್ಯಾಕ್ಟೀರಿಯಾ ತಯಾರಿಸುವ ಇಂಥ ಕೊಲ್ಲುವ ಪೆಪ್ಟೈಡ್, ಪ್ರೊಟೀನುಗಳಿಗೆ ಒಟ್ಟಾರೆ ಬ್ಯಾಕ್ಟೀರಿಯೊಸಿನ್ ಎನ್ನುತ್ತಾರೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು, ನಮಗೆ ಎಲ್ಲಕ್ಕಿಂತ ಚೆನ್ನಾಗಿ ಪರಿಚಯವಿರುವುದು ನೈಸಿನ್.

ನೈಸಿನ್ ತಯಾರಿಸುವುದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಹಾಲಿನ ಬ್ಯಾಕ್ಟೀರಿಯಾ. ಒಂದು ಹಾಲಿನ ಬ್ಯಾಕ್ಟೀರಿಯಾ ಇನ್ನೊಂದನ್ನು ತಡೆಯುತ್ತದೆ ಎಂದು ಅಮೆರಿಕದಲ್ಲಿ ರೋಜರ್ಸ್ ಮತ್ತು ವಿಟಿಯರ್ 1928ರಲ್ಲೇ ಬರೆದಿದ್ದರು. ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹಿರ್ಷ್ 1947ರಲ್ಲಿ ಅದಕ್ಕೆ ಈ ಹೆಸರಿಟ್ಟರು. 1969ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಅದನ್ನು ಆಹಾರ ಸಂರಕ್ಷಕವಾಗಿ ಒಪ್ಪಿಕೊಂಡಿತು. ಚೀಸ್ ಪೊಟ್ಟಣದ ಹಿಂದೆ 234 ಎಂಬ ಸಂಖ್ಯೆ ಕಂಡರೆ ಅದು ಇದೇ.

34 ಅಮೈನೊ ಆಮ್ಲಗಳ ಚಿಕ್ಕ ಅಣು, ಮೈಯಲ್ಲಿ ಐದು ಉಂಗುರಗಳು. ಮೊದಲ ಎರಡು ಉಂಗುರಗಳು ಲಿಪಿಡ್-2 ಎಂಬ ಅಣುವಿನ ಪೈರೊಫಾಸ್ಫೇಟ್ ತುದಿಯನ್ನು ಸುತ್ತುವರಿದು ಹಿಡಿಯುತ್ತವೆ. ಲಿಪಿಡ್-2 ಇಲ್ಲದೆ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲಾರದು. ಭಿತ್ತಿಗೆ ಬೇಕಾದ ಸಾಮಗ್ರಿಯನ್ನು ಪೊರೆಯ ಒಳಗಿನಿಂದ ಹೊರಕ್ಕೆ ಸಾಗಿಸುವುದು ಅದೇ. ನೈಸಿನ್ ಅದನ್ನು ಹಿಡಿದರೆ ಒಂದೇ ಏಟಿಗೆ ಎರಡು ಕೆಲಸವಾಗುತ್ತದೆ. ಭಿತ್ತಿ ಕಟ್ಟುವುದು ನಿಲ್ಲುತ್ತದೆ. ಜೊತೆಗೆ ಎಂಟು ನೈಸಿನ್, ನಾಲ್ಕು ಲಿಪಿಡ್-2 ಸೇರಿ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ, ಒಳಗಿನ ಅಯಾನುಗಳು ಸೋರಿಹೋಗುತ್ತವೆ. ಒಂದು ಮಿಲಿಲೀಟರಿಗೆ ನ್ಯಾನೊಗ್ರಾಮ್ ಲೆಕ್ಕದ ನೈಸಿನ್ ಇದ್ದರೂ ಸೂಕ್ಷ್ಮ ತಳಿಗಳು, ಅಂದರೆ ಅದಕ್ಕೆ ಬೇಗ ಬಲಿಯಾಗುವವು, ತತ್ತರಿಸಲು ಇದೇ ಕಾರಣ.

ಲಿಪಿಡ್-2 ಲ್ಯಾಕ್ಟೊಕಾಕಸ್‌ಗೂ ಬೇಕು. ಅದನ್ನು ಬದಲಾಯಿಸುವಂತಿಲ್ಲ, ಬಿಡುವಂತಿಲ್ಲ. ಹಾಗಾದರೆ ಅದು ಏನು ಮಾಡುತ್ತದೆ?

ಮೊದಲನೆಯದಾಗಿ, ಕೋಶದೊಳಗೆ ನೈಸಿನ್ ಪೂರ್ತಿಯಾಗಿ ತಯಾರಾಗುವುದೇ ಇಲ್ಲ. ಒಳಗೆ ಹುಟ್ಟುವುದು 57 ಅಮೈನೊ ಆಮ್ಲಗಳ ಉದ್ದನೆಯ ರೂಪ. ಅದರ ಮುಂದಿನ 23 ಅಮೈನೊ ಆಮ್ಲಗಳ ತುಂಡು ಕತ್ತಿಗೆ ಒರೆಯಿದ್ದಂತೆ: ಅದು ಇರುವವರೆಗೆ ನೈಸಿನ್ ಬಹುತೇಕ ನಿರುಪದ್ರವಿ. ನಿಸ್-ಬಿ, ನಿಸ್-ಸಿ ಎಂಬ ಕಿಣ್ವಗಳು ಒಳಗೇ ಉಂಗುರಗಳನ್ನು ಕಟ್ಟುತ್ತವೆ, ನಿಸ್-ಟಿ ಅದನ್ನು ಹೊರಗೆ ದಾಟಿಸುತ್ತದೆ. ಕೋಶಭಿತ್ತಿಗೆ ಅಂಟಿಕೊಂಡು ಹೊರಗಡೆ ಕಾದಿರುವ ನಿಸ್-ಪಿ ಎಂಬ ಕಿಣ್ವ ಆ ಮುಂದಿನ ತುಂಡನ್ನು ಕತ್ತರಿಸುತ್ತದೆ. ನೈಸಿನ್‌ಗೆ ಕೊಲ್ಲುವ ಶಕ್ತಿ ಬರುವುದು ಆಗಲೇ.

ಆದರೆ ಹೊರಗೆ ಬಂದ ಮೇಲೆ ಅದು ತಿರುಗಿ ಬೀಳುವುದು ಎಲ್ಲಕ್ಕಿಂತ ಹತ್ತಿರವಿರುವ ಪೊರೆಯ ಮೇಲೆ, ಅಂದರೆ ತಾಯಿಯ ಮೇಲೆಯೇ. ಅಲ್ಲಿ ಎರಡು ಕಾವಲು ಇವೆ. ಒಂದು, ನಿಸ್-ಐ. ಇದು ಪೊರೆಯ ಹೊರಮೈಗೆ ಕೊಬ್ಬಿನ ತುದಿಯಿಂದ ಅಂಟಿಕೊಂಡಿರುವ ಪ್ರೊಟೀನ್. ಒಂದು ಪಾಲು ಅಂಟಿಕೊಳ್ಳದೆ ಹೊರಗೂ ಹೋಗುತ್ತದೆ. ನೈಸಿನ್ ಲಿಪಿಡ್-2ನ್ನು ಹಿಡಿದು ರಂಧ್ರ ಕೊರೆಯುವುದಕ್ಕೆ ಇದು ಅಡ್ಡ ಬರುತ್ತದೆ. ಇನ್ನೊಂದು, ನಿಸ್-ಎಫ್, ನಿಸ್-ಇ, ನಿಸ್-ಜಿ ಮೂರೂ ಸೇರಿದ ಪಂಪ್. ಕಾವಲು ತಪ್ಪಿಸಿಕೊಂಡು ಪೊರೆಯೊಳಗೆ ನುಸುಳಿದ ನೈಸಿನ್ ಅಣುಗಳನ್ನು ಅದು ಎಟಿಪಿ, ಅಂದರೆ ಕೋಶದ ಇಂಧನ, ಖರ್ಚು ಮಾಡಿ ಹೊರಕ್ಕೆ ತಳ್ಳುತ್ತದೆ. ಎರಡರಲ್ಲಿ ಯಾವುದೊಂದನ್ನು ತೆಗೆದರೂ ತಳಿ ತಕ್ಷಣ ಸಾಯುವುದಿಲ್ಲ, ಆದರೆ ತಡೆದುಕೊಳ್ಳುವ ಶಕ್ತಿ ಬಹಳ ಇಳಿದುಹೋಗುತ್ತದೆ. ತಾನು ತಯಾರಿಸುವಷ್ಟು ನೈಸಿನ್ ನಡುವೆ ಆರಾಮವಾಗಿ ಬೆಳೆಯಬೇಕಾದರೆ ಎರಡೂ ಬೇಕು.

ಈ ನಿಸ್-ಐ ಎಷ್ಟು ನಿರ್ದಿಷ್ಟ ಎಂದರೆ, ನೈಸಿನ್‌ಗೆ ಹತ್ತಿರದ ಸಂಬಂಧಿಯಾದ ಸಬ್ಟಿಲಿನ್ ಬಂದರೆ ಅದು ರಕ್ಷಿಸುವುದಿಲ್ಲ. ಸಬ್ಟಿಲಿನ್ ತಯಾರಿಸುವ ಬ್ಯಾಸಿಲಸ್‌ಗೆ ಸ್ಪಾ-ಐ ಎಂಬ ಬೇರೆಯೇ ಪ್ರೊಟೀನ್ ಇದೆ, ಅದು ನೈಸಿನ್‌ಗೆ ಆಗಿಬರುವುದಿಲ್ಲ. ಫಿನ್ಲೆಂಡಿನ ಸಂಶೋಧಕರು ಸ್ಪಾ-ಐನ ಬಾಲದ ಜಾಗದಲ್ಲಿ ನಿಸ್-ಐನ ಕೊನೆಯ 21 ಅಮೈನೊ ಆಮ್ಲಗಳನ್ನು ಜೋಡಿಸಿ ನೋಡಿದಾಗ, ಆ ಬೆರಕೆ ಪ್ರೊಟೀನ್ ನೈಸಿನ್‌ನಿಂದಲೂ ರಕ್ಷಣೆ ಕೊಟ್ಟಿತು. ನೈಸಿನ್‌ನ ಗುರುತು ಹಿಡಿಯುವ ಶಕ್ತಿ ಆ ಪುಟ್ಟ ಬಾಲದಲ್ಲಿದೆ. ಈ ಪ್ರಯೋಗವನ್ನು ಮೊದಲ ಸಲ ಓದಿದಾಗ ಆದ ಸಂತೋಷ ಇವತ್ತಿಗೂ ನನಗೆ ಕಡಿಮೆಯಾಗಿಲ್ಲ.

ಕೆಲಸದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಸಮಯ. ನೈಸಿನ್ ತನ್ನ ಉತ್ಪಾದನೆಗೆ ತಾನೇ ಸಂಕೇತ. ಹೊರಗಿರುವ ನೈಸಿನ್‌ನ್ನು ನಿಸ್-ಕೆ ಎಂಬ ಪ್ರೊಟೀನ್ ಗ್ರಹಿಸಿ ನಿಸ್-ಆರ್‌ಗೆ ತಿಳಿಸುತ್ತದೆ. ನಿಸ್-ಆರ್ ನೈಸಿನ್‌ನ ಜೀನುಗಳನ್ನೂ ಪಂಪಿನ ಜೀನುಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಹಾಗಾಗಿ ನೈಸಿನ್ ಏರಿದ ಹಾಗೆ ರಕ್ಷಣೆಯೂ ಏರುತ್ತದೆ. ಆದರೆ ಶುರುವಿನಲ್ಲಿ? ಪಕ್ಕದ ಕೋಶ ಮೊದಲು ತಯಾರಿಸಿ ಬಿಟ್ಟರೆ, ಇನ್ನೂ ಎಚ್ಚೆತ್ತುಕೊಳ್ಳದ ಕೋಶದ ಗತಿ ಏನು? ಇದಕ್ಕೂ ಏರ್ಪಾಡಿದೆ. ನಿಸ್-ಐ ಜೀನಿಗೆ, ಇಡೀ ಸಾಲಿನ ಜೀನುಗಳ ನಡುವೆಯೇ, ತನ್ನದೇ ಆದ ಒಂದು ಪ್ರೊಮೋಟರ್, ಅಂದರೆ ಜೀನನ್ನು ಚಾಲೂ ಮಾಡುವ ಗುಂಡಿ, ಇದೆ ಎಂದು 2006ರಲ್ಲಿ ಪ್ರಕಟವಾಯಿತು. ಅದು ನೈಸಿನ್‌ನ ಸಂಕೇತಕ್ಕೆ ಕಾಯುವುದಿಲ್ಲ. ಅಂದರೆ ಕೊಲ್ಲುವ ಕೆಲಸ ಜೋರಾಗುವ ಮೊದಲೇ ತಡೆದುಕೊಳ್ಳುವ ಶಕ್ತಿ ಒಂದಿಷ್ಟು ಮೈಗೂಡಿರುತ್ತದೆ. ಪಾಠ ಕಲಿಸಲು ನನಗೆ ಬೇರೆ ಗುರು ಬೇಕಾಗಿಲ್ಲ ಅನ್ನಿಸುವುದು ಇಂಥ ಕಡೆ.

ಇನ್ನು ಲ್ಯಾಬಿನ ಮಾತು. ಈ ಎಲ್ಲ ಜೀನುಗಳೂ, ಕೊಲ್ಲುವವೂ ಕಾಯುವವೂ, ಸುಮಾರು 70,000 ಬೇಸ್ ಜೋಡಿಗಳಷ್ಟು ಉದ್ದದ ಒಂದು ಟ್ರಾನ್ಸ್‌ಪೋಸಾನ್ ಮೇಲೆ ಒಟ್ಟಿಗೆ ಕೂತಿರುತ್ತವೆ. ಟ್ರಾನ್ಸ್‌ಪೋಸಾನ್ ಎಂದರೆ ಜಾಗ ಬಿಟ್ಟು ಜಾಗ ಹೋಗಬಲ್ಲ ಡಿಎನ್‌ಎ ತುಂಡು. ಒಂದು ತಳಿಯಿಂದ ಇನ್ನೊಂದಕ್ಕೆ ಇದು ಸಹಜವಾಗಿಯೇ ದಾಟಬಲ್ಲದು. ನೈಸಿನ್ ತಳಿಗಳಲ್ಲಿ ಹೆಚ್ಚಿನವುಗಳಲ್ಲಿ ಇದೇ ತುಂಡಿನ ಮೇಲೆ ಸಕ್ಕರೆ, ಅಂದರೆ ಸುಕ್ರೋಸ್, ಹುದುಗಿಸುವ ಜೀನುಗಳೂ ಇರುತ್ತವೆ. ತಳಿ ಆ ತುಂಡನ್ನು ಕಳೆದುಕೊಂಡರೆ ನೈಸಿನ್ ಹೋಯಿತು, ರಕ್ಷಣೆ ಹೋಯಿತು, ಸುಕ್ರೋಸ್ ಹುದುಗಿಸುವ ಶಕ್ತಿಯೂ ಹೋಯಿತು.

ಇದರಿಂದ ನಮಗೊಂದು ಸುಲಭದ ಪರೀಕ್ಷೆ ಸಿಕ್ಕಿದೆ. ಸುಕ್ರೋಸ್ ಹಾಕಿದ ಅಗರ್‌ಗೆ ಬ್ರೊಮೊಕ್ರೆಸಾಲ್ ಪರ್ಪಲ್ ಎಂಬ, ಹುಳಿ ತಗುಲಿದರೆ ಬದಲಾಗುವ ಬಣ್ಣ ಬೆರೆಸಿ, ಕಲ್ಚರನ್ನು ತೆಳ್ಳಗೆ ಹರಡಿ, 30 ಡಿಗ್ರಿಯಲ್ಲಿ ಇಟ್ಟು ನೋಡಿ. ಸುಕ್ರೋಸ್ ತಿಂದು ಹುಳಿ ಬಿಡುವ ಕಾಲನಿಗಳ ಸುತ್ತ ನೇರಳೆ ಬಣ್ಣ ಹಳದಿಗೆ ತಿರುಗುತ್ತದೆ. ತುಂಡು ಕಳೆದುಕೊಂಡ ಕಾಲನಿಗಳು ನೇರಳೆಯ ಮೇಲೆ ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಮತ್ತೆ ಮತ್ತೆ ಹೊಸ ಪೋಷಕ ದ್ರವಕ್ಕೆ, ಅಂದರೆ ಬ್ರಾತ್‌ಗೆ ದಾಟಿಸಿ ಇಟ್ಟುಕೊಂಡ ತಳಿಯಲ್ಲಿ ಇಂಥ ಚುಕ್ಕೆ ಕಂಡರೆ ನಾವು ಆ ಬಾಟಲಿಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಫ್ರೀಜರಿನ ಮೂಲ ತಳಿಗೆ ಹಿಂತಿರುಗುತ್ತೇವೆ. ನೈಸಿನ್ ಪ್ರಮಾಣ ಅಳೆಯುವುದಕ್ಕೆ ಮೈಕ್ರೊಕಾಕಸ್ ಲೂಟಿಯಸ್ ಎಂಬ ಹಳದಿ ಬ್ಯಾಕ್ಟೀರಿಯಾದ ಪ್ಲೇಟು ಬೇರೆ ಇದ್ದೇ ಇದೆ. ಆದರೆ ಅದು ಹೇಳುವುದು ಇಡೀ ಬಾಟಲಿಯ ಸರಾಸರಿಯನ್ನು. ಯಾವ ಕೋಶ ಕೈಬಿಟ್ಟಿದೆ ಎಂದು ಹೇಳುವುದು ಸುಕ್ರೋಸ್ ಪ್ಲೇಟು ಮಾತ್ರ.

ಈಗ ಇದೆಲ್ಲ ಯಾಕೆ ಮುಖ್ಯ ಎಂದು ನನಗೆ ಮನದಟ್ಟು ಮಾಡಿಸಿದ ಪ್ರಕರಣಕ್ಕೆ ಬರುತ್ತೇನೆ.

ಗಟ್ಟಿ ಚೀಸ್ ಮಾಡುವವರಿಗೆ ಒಂದು ಹಳೆಯ ತಲೆನೋವಿದೆ. ಕ್ಲಾಸ್ಟ್ರಿಡಿಯಮ್ ಟೈರೊಬ್ಯುಟಿರಿಕಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಹಾಲಿನ ಪಾಶ್ಚರೀಕರಣಕ್ಕೆ ಜಗ್ಗುವುದಿಲ್ಲ. ಚೀಸ್ ಮಾಗಲು ಇಟ್ಟ ವಾರಗಳು, ತಿಂಗಳುಗಳ ಮೇಲೆ ಅವು ಎಚ್ಚೆತ್ತು ಲ್ಯಾಕ್ಟೇಟ್ ತಿಂದು ಬ್ಯುಟಿರಿಕ್ ಆಮ್ಲ, ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಚೀಸ್ ಉಬ್ಬಿ ಬಿರಿಯುತ್ತದೆ, ವಾಸನೆ ಕೆಡುತ್ತದೆ. ನೈಸಿನ್ ಇದಕ್ಕೆ ಒಳ್ಳೆಯ ಮದ್ದು. ನೈಸಿನನ್ನು ಪುಡಿಯಾಗಿ ಹಾಕುವ ಬದಲು ನೈಸಿನ್ ತಯಾರಿಸುವ ಸ್ಟಾರ್ಟರನ್ನೇ ಹಾಕಿದರೆ ಚೀಸಿನೊಳಗೇ ಅದು ಉತ್ಪತ್ತಿಯಾಗುತ್ತದೆ. ಈ ಯೋಚನೆ 1950ರ ದಶಕದಿಂದಲೂ ಇದೆ.

ಅಂಥ ಒಂದು ಜೋಡಣೆಯನ್ನು ಬಳಸುತ್ತಿದ್ದ ಚೀಸ್ ಘಟಕವೊಂದರಿಂದ ನಮಗೆ ದೂರು ಬಂತು. ಕಲ್ಚರ್ ನಮ್ಮದಲ್ಲ, ಬೇರೆ ಕಡೆಯಿಂದ ತರಿಸಿದ್ದು. ನೋಡಿ ಹೇಳಿ ಎಂದು ವೇ, ಅಂದರೆ ಚೀಸ್ ನೀರು, ಕಳಿಸಿದ್ದರು. ಹುಳಿ ಏರುವುದು ನಿಧಾನ. ಮೊದಲ ಎರಡು ಗಂಟೆ ಸರಿಯಾಗಿ ಇಳಿಯುವ ಪಿಎಚ್ ಆಮೇಲೆ ತೆವಳುತ್ತದೆ. ಚೀಸ್ ಮಾಡುವವರಿಗೆ ಇದು ಬರೀ ತಡವಲ್ಲ, ಅಪಾಯ: ಹುಳಿ ನಿಧಾನವಾದರೆ ಬೇಡದ ಬ್ಯಾಕ್ಟೀರಿಯಾಗಳಿಗೆ ಅಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ.

ಘಟಕದವರಿಗೆ ಫೇಜ್ ಮೇಲೆ ಅನುಮಾನ. ಸಹಜವೇ, ಬ್ಯಾಕ್ಟೀರಿಯಾವನ್ನು ತಿನ್ನುವ ಈ ವೈರಸ್ ಡೈರಿಗಳ ಮಾಮೂಲಿ ಶತ್ರು. ಅವರು ಆಗಲೇ ಕ್ಲೋರಿನ್ ಹಾಕಿ ಘಟಕ ಪೂರ್ತಿ ತೊಳೆಸಿದ್ದರು. ಏನೂ ಬದಲಾಗಿರಲಿಲ್ಲ.

ನಮ್ಮಲ್ಲಿ ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳನ್ನು ಜೊತೆಗೆ ಕೂರಿಸಿಕೊಂಡು ಶುರು ಮಾಡಿದೆ. ವೇಯನ್ನು ಫಿಲ್ಟರ್ ಮಾಡಿ, ಜೋಡಣೆಯ ಒಂದೊಂದು ತಳಿಯನ್ನೂ ಬೇರೆ ಬೇರೆ ಬೆಳೆಸಿ, ಆ ವೇ ಹಾಕಿ ನೋಡಿದೆವು. ನೈಸಿನ್ ತಳಿಗೆ ಏನೂ ಆಗಲಿಲ್ಲ. ವೇಗವಾಗಿ ಹುಳಿ ಮಾಡಬೇಕಾದ ಜೊತೆಗಾರ ತಳಿ ಮಾತ್ರ ನಿಂತುಹೋಯಿತು.

"ಫೇಜೇ ಇರಬೇಕಲ್ವಾ ಮೇಡಂ? ಫೇಜ್ ಒಂದೊಂದು ತಳಿಗೆ ಒಂದೊಂದು ಥರ ತಾನೆ?" ಎಂದಳು. ಒಳ್ಳೆಯ ತರ್ಕ. ಹಾಗಾದರೆ ಅದನ್ನು ಹೇಗೆ ಬೇರ್ಪಡಿಸುತ್ತೀಯಮ್ಮ ಎಂದು ಕೇಳಿದೆ. ಅವಳೇ ಯೋಚಿಸಿ ಹೇಳಿದ್ದು ಸರಿಯಾಗಿತ್ತು: ಕುದಿಸಿ ನೋಡೋಣ. ಹುಳಿ ವೇಯನ್ನು ಕುದಿಸಿದರೆ ಫೇಜ್ ಉಳಿಯುವುದಿಲ್ಲ. ನೈಸಿನ್ ಹುಳಿಯಲ್ಲಿ ಕುದಿತವನ್ನು ತಡೆದುಕೊಳ್ಳುತ್ತದೆ. ಕುದಿಸಿದ ವೇ ಕೂಡ ಜೊತೆಗಾರನನ್ನು ನಿಲ್ಲಿಸಿತು. ವೇಯನ್ನು ಹಂತಹಂತವಾಗಿ ತೆಳುಮಾಡುತ್ತಾ ಹೋದಾಗ ಪರಿಣಾಮ ನಿಧಾನಕ್ಕೆ ಕರಗಿತು. ಫೇಜ್ ಆಗಿದ್ದರೆ ಕೊನೆಯ ಹಂತಗಳಲ್ಲಿ ಪ್ಲೇಟಿನ ಬೆಳೆಯಲ್ಲಿ ಬಿಡಿಬಿಡಿ ತೂತುಗಳು ಕಾಣಬೇಕಿತ್ತು, ಒಂದೂ ಕಾಣಲಿಲ್ಲ. ಆಮೇಲೆ ಪ್ರೊಟೀನ್ ಕತ್ತರಿಸುವ ಕಿಣ್ವಗಳು. ಟ್ರಿಪ್ಸಿನ್ ಹಾಕಿದ ವೇಯ ಶಕ್ತಿ ಹಾಗೇ ಇತ್ತು, ಆಲ್ಫಾ ಕೈಮೊಟ್ರಿಪ್ಸಿನ್ ಹಾಕಿದ್ದು ಸೋತಿತು. ನೈಸಿನ್ ನಡೆದುಕೊಳ್ಳುವುದು ಹೀಗೇ. ಅಷ್ಟು ಸಾಕು, ನೈಸಿನ್ ಎಂದು ಬರೆದೆವು.

ಫೇಜ್ ಇರಲಿಲ್ಲ. ಜೋಡಣೆಯ ಒಂದು ತಳಿ ಇನ್ನೊಂದನ್ನು ಕೊಲ್ಲುತ್ತಿತ್ತು. ಎರಡೂ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ಗಳೇ, ನೋಡಲು ಒಂದೇ ಥರ. ಒಂದಕ್ಕೆ ನಿಸ್-ಐ ಮತ್ತು ಪಂಪ್ ಇದ್ದವು, ಇನ್ನೊಂದಕ್ಕೆ ಇರಲಿಲ್ಲ. ಜೋಡಣೆ ಮಾಡಿದವರು ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ್ದರು. ಒಂದರ ಹುಳಿ ಚೆನ್ನ, ಇನ್ನೊಂದರ ನೈಸಿನ್ ಚೆನ್ನ. ಎರಡೂ ಒಂದೇ ಹಾಲಿನಲ್ಲಿ ಬಾಳುತ್ತವೆಯೇ ಎಂದು ಯಾರೂ ನೋಡಿರಲಿಲ್ಲ.

ಇದು ಹೊಸ ಕಥೆಯೂ ಅಲ್ಲ ಎಂದು ಆ ಹುಡುಗಿಗೆ ಹೇಳಿದೆ. 1933ರಲ್ಲಿ ನ್ಯೂಜಿಲೆಂಡಿನಲ್ಲಿ ವೈಟ್‌ಹೆಡ್ ಎಂಬುವರು ಇದೇ ತೊಂದರೆಯ ಬೆನ್ನು ಹತ್ತಿದ್ದರು. ಚೀಸ್ ಹಾಲಿನಲ್ಲಿ ಸ್ಟಾರ್ಟರ್ ನಿಧಾನವಾಗುತ್ತಿತ್ತು. ಹಾಲಿನಲ್ಲಿದ್ದ ಇನ್ನೊಂದು ಬ್ಯಾಕ್ಟೀರಿಯಾ ಸ್ರವಿಸುವ ವಸ್ತು ಅದಕ್ಕೆ ಕಾರಣ, ಆ ವಸ್ತು ಪ್ರೊಟೀನ್ ಜಾತಿಯದು ಎಂದು ಅವರು ತೋರಿಸಿದರು. ನೈಸಿನ್ ಮನುಷ್ಯರ ಕಣ್ಣಿಗೆ ಬಿದ್ದದ್ದೇ ಔಷಧಿಯಾಗಿ ಅಲ್ಲ, ಹೆಪ್ಪಿನ ಕಾಟವಾಗಿ.

ಪರಿಹಾರಕ್ಕೆ ಮೂರು ದಾರಿ ಇದ್ದವು. ಜೊತೆಗಾರನನ್ನು ಕೈಬಿಟ್ಟು ನೈಸಿನ್ ತಳಿ ಒಂದನ್ನೇ ಬಳಸುವುದು ಆಗದ ಮಾತು; ಅಂಥ ತಳಿಗಳಲ್ಲಿ ಅನೇಕವು ಹುಳಿ ಮಾಡುವುದರಲ್ಲಿ ನಿಧಾನ, ಫೇಜಿಗೂ ಬೇಗ ಸಿಕ್ಕಿಬೀಳುತ್ತವೆ. ನೈಸಿನ್ ತಡೆದುಕೊಳ್ಳುವ ಜೊತೆಗಾರನನ್ನು ಹುಡುಕುವುದು ಎರಡನೆಯದು. ವೇಗದ ತಳಿಗೆ ನೈಸಿನ್ ಟ್ರಾನ್ಸ್‌ಪೋಸಾನನ್ನು ಕಾಂಜುಗೇಶನ್ ಮೂಲಕ ದಾಟಿಸುವುದು ಮೂರನೆಯದು. ಎರಡು ತಳಿಗಳನ್ನು ಒಟ್ಟಿಗೆ ಇಟ್ಟರೆ ನಿಸರ್ಗದಲ್ಲಿ ನಡೆಯುವಂತೆಯೇ ಅದು ದಾಟುತ್ತದೆ, ಮತ್ತು ದಾಟುವಾಗ ಕೊಲ್ಲುವ ಶಕ್ತಿ, ತಡೆಯುವ ಶಕ್ತಿ ಎರಡೂ ಒಟ್ಟಿಗೇ ಹೋಗುತ್ತವೆ. ಐರ್ಲೆಂಡಿನವರು ಲ್ಯಾಕ್ಟಿಸಿನ್ 3147 ಎಂಬ ಇನ್ನೊಂದು ಜೋಡಿ ಪೆಪ್ಟೈಡ್‌ನಲ್ಲಿ ಇದನ್ನು ಬಹಳ ಚಂದವಾಗಿ ಮಾಡಿದ್ದಾರೆ. ಕೆಫಿರ್ ಎಂಬ ಹುಳಿ ಹಾಲಿನ ಹೆಪ್ಪಿನ ಕಾಳಿನಲ್ಲಿ ಸಿಕ್ಕ ಆ ತಳಿಯ ಸುಮಾರು 60,000 ಬೇಸ್ ಜೋಡಿಯ ಪ್ಲಾಸ್ಮಿಡ್ (ಕ್ರೋಮೊಸೋಮಿನ ಹೊರಗಿರುವ ಡಿಎನ್‌ಎ ಉಂಗುರ) ಮೇಲೆ ಪೆಪ್ಟೈಡ್, ಅದರ ರಕ್ಷಣೆ, ಫೇಜ್ ತಡೆಯುವ ಜೀನು ಎಲ್ಲವೂ ಇವೆ. ಆ ಪ್ಲಾಸ್ಮಿಡನ್ನು ಅವರು ಹಲವು ಚೀಸ್ ಸ್ಟಾರ್ಟರ್‌ಗಳಿಗೆ ದಾಟಿಸಿದರು. ನಮ್ಮ ಪ್ರಕರಣದಲ್ಲಿ ನಾವು ಸೂಚಿಸಿದ್ದು ಎರಡನೇ ದಾರಿ, ಸಮಯ ಕಡಿಮೆ ಇತ್ತು. ಸಂಗ್ರಹದಲ್ಲಿದ್ದ ತಳಿಗಳನ್ನು ನೈಸಿನ್ ಹಾಕಿದ ಹಾಲಿನಲ್ಲಿ ಬೆಳೆಸಿ, ವೇಗ ಕುಂದದವನ್ನು ಆರಿಸಿ ಕೊಟ್ಟೆವು. ಪಿಎಚ್ ಗೆರೆ ಸರಿದಾರಿಗೆ ಬಂತು.

ಇಲ್ಲಿ ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ತಡೆದುಕೊಳ್ಳುವ ಜೊತೆಗಾರ ಸಿಕ್ಕಿತು ಎಂದು ಅಲ್ಲಿಗೇ ಬಿಡುವಂತಿಲ್ಲ. ಹೇಗೆ ತಡೆದುಕೊಳ್ಳುತ್ತಿದೆ ಎಂದು ನೋಡಲೇಬೇಕು. ತಯಾರಕ ತಳಿಯ ಸ್ವರಕ್ಷಣೆ ಬೇರೆ, ತಯಾರಿಸದ ತಳಿಯ ಪ್ರತಿರೋಧ ಬೇರೆ. ನೈಸಿನ್ ತಯಾರಿಸದ ಕೆಲವು ಲ್ಯಾಕ್ಟೊಕಾಕಸ್‌ಗಳಲ್ಲಿ ಎನ್‌ಎಸ್‌ಆರ್ ಎಂಬ ಕಿಣ್ವವಿದೆ. ಅದು ನೈಸಿನ್‌ನ ಬಾಲದ ಕೊನೆಯ ಆರು ಅಮೈನೊ ಆಮ್ಲಗಳನ್ನು ಕತ್ತರಿಸಿ ಹಾಕುತ್ತದೆ. ಬಾಲ ಹೋದ ನೈಸಿನ್‌ನ ಶಕ್ತಿ ಬಹಳ ಕಡಿಮೆ. ಅಂಥ ತಳಿಯನ್ನು ಜೊತೆಗೆ ಹಾಕಿದರೆ ಅದು ತಾನು ಬದುಕುತ್ತದೆ ನಿಜ, ಆದರೆ ಕ್ಲಾಸ್ಟ್ರಿಡಿಯಮ್ ತಡೆಯಲೆಂದು ಇರುವ ನೈಸಿನ್‌ನ್ನೇ ಹಾಳು ಮಾಡುತ್ತದೆ. ನಿಸ್-ಐ ಹಾಗಲ್ಲ, ಅದು ನೈಸಿನ್‌ನ್ನು ಕತ್ತರಿಸುವುದಿಲ್ಲ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಭಿತ್ತಿಯ ಟೈಕೊಯಿಕ್ ಆಮ್ಲಕ್ಕೆ ಡಿ-ಅಲನಿನ್ ಎಂಬ ಅಮೈನೊ ಆಮ್ಲ ಅಂಟಿಸಿ ಮೈಯ ಋಣ ವಿದ್ಯುದಂಶ ತಗ್ಗಿಸಿಕೊಳ್ಳುತ್ತವೆ. ಧನ ವಿದ್ಯುದಂಶವಿರುವ ನೈಸಿನ್ ಆಗ ಹತ್ತಿರ ಸುಳಿಯುವುದೇ ಕಷ್ಟ. ಪ್ಲೇಟಿನ ಮೇಲೆ ಮೂರೂ ಒಂದೇ ಥರ ಕಾಣುತ್ತವೆ, ಚೀಸಿನಲ್ಲಿ ಮೂರರ ಫಲವೂ ಬೇರೆ.

ಇದಕ್ಕಿಂತ ಗಂಭೀರವಾದ ಕಾರಣವೂ ಇದೆ. ಇಂಥ ರಕ್ಷಣೆಯ ಜೀನುಗಳನ್ನು ಹೋಲುವವು ಪೆಪ್ಟೈಡ್ ತಯಾರಿಸದ ಬ್ಯಾಕ್ಟೀರಿಯಾಗಳಲ್ಲೂ ಸಿಗುತ್ತವೆ. ನವಜಾತ ಶಿಶುಗಳಿಗೆ ಸೋಂಕು ತರುವ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆಯಲ್ಲಿ ಬಾಲ ಕತ್ತರಿಸುವ ಕಿಣ್ವವೂ ಇದೆ, ನೈಸಿನ್ ಹೊರದಬ್ಬುವ ಪಂಪೂ ಇದೆ. ನೈಸಿನ್ ಗುಂಪಿನ ಪೆಪ್ಟೈಡ್‌ಗಳನ್ನು ಮುಂದೆ ಔಷಧಿಯಾಗಿ ಬಳಸುವ ಆಸೆ ಎಷ್ಟೋ ಜನರಿಗಿದೆ, ನನಗೂ ಇದೆ. ಹಾಗಿರುವಾಗ, ದಾಟಬಲ್ಲ ಜೀನುಗಳನ್ನು ಹೊತ್ತ ತಳಿಗಳನ್ನು ಆಹಾರದ ಮೂಲಕ ಊರೆಲ್ಲ ಹಂಚುವ ನಾವು ಆ ಜೀನು ಯಾವುದು, ಎಲ್ಲಿ ಕೂತಿದೆ ಎಂದು ತಿಳಿದಿರಬೇಕಾದದ್ದು ಕರ್ತವ್ಯ.

ಎಲ್ಲ ಬ್ಯಾಕ್ಟೀರಿಯಾಗಳೂ ಒಂದೇ ಉಪಾಯ ಹೂಡುವುದಿಲ್ಲ ಎಂಬುದಕ್ಕೆ ಪೀಡಿಯೊಸಿನ್ ಒಳ್ಳೆಯ ಉದಾಹರಣೆ. ಪೀಡಿಯೊಕಾಕಸ್ ತಯಾರಿಸುವ ಈ 44 ಅಮೈನೊ ಆಮ್ಲಗಳ ಪೆಪ್ಟೈಡ್, ಆಹಾರದಿಂದ ರೋಗ ತರುವ ಲಿಸ್ಟೀರಿಯಾ ವಿರುದ್ಧ ಅತಿ ತೀಕ್ಷ್ಣ. ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಇದರ ಮೇಲೆ ಸಂಶೋಧನೆ ನಡೆದಿದೆ. ಪೀಡಿಯೊಸಿನ್‌ಗೆ ಲಿಪಿಡ್-2 ಬೇಕಾಗಿಲ್ಲ. ಮ್ಯಾನೋಸ್ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವ ಪೊರೆಯ ಪ್ರೊಟೀನೇ ಅದರ ಗುರಿ. ಅದನ್ನು ಹಿಡಿದು ಬಾಗಿಲು ಮುಚ್ಚದಂತೆ ಮಾಡುತ್ತದೆ, ಕೋಶ ಸೋರಿ ಸಾಯುತ್ತದೆ. ಇಲ್ಲಿ ರಕ್ಷಣೆಯ ಪ್ರೊಟೀನ್ ಇರುವುದು ಪೊರೆಯ ಹೊರಗಲ್ಲ, ಒಳಗೆ. ಪೆಡ್-ಬಿ ಎಂಬ 112 ಅಮೈನೊ ಆಮ್ಲಗಳ ಪುಟ್ಟ ಪ್ರೊಟೀನ್ ಅದು. ಈ ಬಗೆಯ ರಕ್ಷಣೆ ನಡೆಯುವ ರೀತಿಯನ್ನು ನಾರ್ವೆಯ ತಂಡವೊಂದು 2007ರಲ್ಲಿ ಲ್ಯಾಕ್ಟೊಕಾಕ್ಸಿನ್-ಎ ಎಂಬ ಪೆಪ್ಟೈಡ್‌ನಲ್ಲಿ ತೋರಿಸಿತು. ಪೆಪ್ಟೈಡ್ ಹೊರಗಿನಿಂದ ಬಂದು ಆ ಸಕ್ಕರೆ ಬಾಗಿಲನ್ನು ಹಿಡಿದಾಗ, ರಕ್ಷಣೆಯ ಪ್ರೊಟೀನ್ ಒಳಗಿನಿಂದ ಬಂದು ಅದೇ ಬಾಗಿಲಿಗೆ ಬಿಗಿಯಾಗಿ ಅಂಟಿ ರಂಧ್ರವಾಗದಂತೆ ತಡೆಯುತ್ತದೆ. ಪೆಪ್ಟೈಡ್ ಇಲ್ಲದಾಗ ಅದು ಬಾಗಿಲ ತಂಟೆಗೆ ಹೋಗುವುದಿಲ್ಲ. ಸಕ್ಕರೆ ಎಂದಿನಂತೆ ಒಳಬರುತ್ತದೆ. ಲಿಸ್ಟೀರಿಯಾದಂಥ ಜೀವಿಗೆ ಈ ನಾಜೂಕು ಇಲ್ಲ. ಅದು ಪೀಡಿಯೊಸಿನ್‌ನಿಂದ ಪಾರಾಗಲು ಸಕ್ಕರೆ ಬಾಗಿಲುಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ, ಊಟ ಬಿಟ್ಟು ಜೀವ ಉಳಿಸಿಕೊಳ್ಳುತ್ತದೆ. ಸ್ವರಕ್ಷಣೆಗೂ ಪ್ರತಿರೋಧಕ್ಕೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಜಾಗ ನನಗೆ ಗೊತ್ತಿಲ್ಲ.

ಮನೆಯಲ್ಲಿ ಗಾಯಕ್ಕೆ ಹಾಕುವ ನಿಯೋಸ್ಪೊರಿನ್ ಪುಡಿಯಲ್ಲಿ ಬ್ಯಾಸಿಟ್ರಾಸಿನ್ ಇರುತ್ತದೆ, ಅದೂ ಒಂದು ಪೆಪ್ಟೈಡ್. ಅದನ್ನು ತಯಾರಿಸುವ ಬ್ಯಾಸಿಲಸ್ ಕೂಡ ತನ್ನನ್ನು ಉಳಿಸಿಕೊಳ್ಳಲು ಪಂಪ್ ಇಟ್ಟುಕೊಂಡಿದೆ. ಆ ಕಥೆ ದೊಡ್ಡದು, ನಮ್ಮ ಕ್ಷೇತ್ರದ್ದೂ ಅಲ್ಲ.

ನೈಸಿನ್ ಉತ್ಪಾದಿಸುವ ಘಟಕಗಳಲ್ಲಿ ಕೆಲಸ ಮಾಡುವ ಗೆಳೆಯರೊಂದಿಗೆ ಮಾತಾಡುವಾಗ ಇನ್ನೊಂದು ಕೊಂಡಿ ಸಿಗುತ್ತದೆ. ಇಳುವರಿ ಏರಿಸಲು ಎಲ್ಲರೂ ಮೊದಲು ಕೈಹಾಕುವುದು ಪೋಷಕಾಂಶಕ್ಕೆ, ಪಿಎಚ್‌ಗೆ. ಆದರೆ ಬ್ರಾತ್‌ನಲ್ಲಿ ನೈಸಿನ್ ತುಂಬುತ್ತಾ ಹೋದಂತೆ ಒಂದು ಹಂತದಲ್ಲಿ ತಯಾರಕ ತಳಿಗೇ ಅದು ಭಾರವಾಗುತ್ತದೆ. ಅಧಿಕ ನೈಸಿನ್ ನಡುವೆ ನಿಸ್-ಐ ಇರುವ ಕೋಶಗಳು ಬಿಡಿಬಿಡಿಯಾಗಿ ಒಡೆಯದೆ ಉದ್ದ ಸರಪಳಿಗಳಾಗಿ ಒತ್ತೊತ್ತಾಗಿ ನಿಲ್ಲುವುದನ್ನು, ನೈಸಿನ್ ಕಡಿಮೆಯಾದಾಗ ಮತ್ತೆ ಮೊದಲಿನಂತಾಗುವುದನ್ನು ಜರ್ಮನಿಯ ಸಂಶೋಧಕರು ವರದಿ ಮಾಡಿದ್ದಾರೆ. ರಕ್ಷಣೆಯ ಜೀನುಗಳನ್ನು ಹೆಚ್ಚಿಸಿದಾಗ ನೈಸಿನ್ ಇಳುವರಿಯೂ ಏರಿದ ಪ್ರಯೋಗಗಳಿವೆ. ಎಷ್ಟು ತಯಾರಿಸಬಹುದು ಎನ್ನುವುದಕ್ಕೆ ಮೇಲಿನ ಗೆರೆ ಎಳೆಯುವವುಗಳಲ್ಲಿ ಎಷ್ಟು ತಡೆದುಕೊಳ್ಳಬಹುದು ಎನ್ನುವುದೂ ಒಂದು.

ಆ ಚೀಸ್ ಪ್ರಕರಣದ ಮೇಲೆ ನಮ್ಮ ತಳಿ ದಾಖಲೆಯ ನಮೂನೆಯನ್ನೇ ಬದಲಿಸಿದೆವು. ಪೆಪ್ಟೈಡ್ ತಯಾರಿಸುವ ತಳಿ ಎಂದು ಬರೆದರೆ, ಅದರ ರಕ್ಷಣೆಯ ಜೀನು ಯಾವುದು, ಕ್ರೋಮೊಸೋಮಿನ ಮೇಲಿದೆಯೋ ಪ್ಲಾಸ್ಮಿಡ್ ಮೇಲೋ, ಮರುದಾಟಿಸಿದಾಗ ಉಳಿಯುತ್ತದೆಯೋ ಎಂದು ತುಂಬದೆ ಮುಂದಿನ ಪುಟಕ್ಕೆ ಹೋಗುವಂತಿಲ್ಲ. ಯಾವ ಜೊತೆಗಾರನನ್ನು ಸೇರಿಸಿದರೂ ಒಂಟಿಯಾಗಿ ಅಲ್ಲ, ತಯಾರಕನ ಜೊತೆಗೇ, ಹಾಲಿನಲ್ಲೇ ಪಿಎಚ್ ಗೆರೆ ಎಳೆಯಬೇಕು. ಬ್ರಾತ್‌ನಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ. ಹಾಲಿನ ಕೊಬ್ಬಿಗೆ, ಪ್ರೊಟೀನಿಗೆ ನೈಸಿನ್ ಅಂಟಿಕೊಳ್ಳುತ್ತದೆ, ಲೆಕ್ಕವೇ ಬೇರೆಯಾಗುತ್ತದೆ.

ಈಗ ಅದೇ ಹುಡುಗಿಯ ಮೇಜಿನ ಮೇಲೆ ಇಡ್ಲಿ ಹಿಟ್ಟಿನಿಂದ ಬೇರ್ಪಡಿಸಿದ ಲ್ಯೂಕೊನೊಸ್ಟಾಕ್ ತಳಿಯೊಂದಿದೆ. ಇಡ್ಲಿ ಹಿಟ್ಟು ಉಬ್ಬುವುದರಲ್ಲಿ ಈ ಜಾತಿಯ ಪಾಲು ದೊಡ್ಡದು. ಇವಳ ತಳಿ ಲಿಸ್ಟೀರಿಯಾದ ನಿರುಪದ್ರವಿ ಸಂಬಂಧಿ ಲಿಸ್ಟೀರಿಯಾ ಇನ್ನೊಕುವಾ ಮೇಲೆ ಒಳ್ಳೆಯ ವೃತ್ತ ಕೊಟ್ಟಿದೆ. ಅನುಕ್ರಮದಲ್ಲಿ ಪೀಡಿಯೊಸಿನ್ ಗುಂಪಿನ ಗುರುತಾದ ಟೈರೊಸಿನ್, ಗ್ಲೈಸಿನ್, ಆಸ್ಪರಜಿನ್, ಗ್ಲೈಸಿನ್, ವೇಲಿನ್ ಸಾಲು ಸಿಕ್ಕಿದೆ. ಅದರ ಬೆನ್ನಿಗೇ, ನೂರರ ಆಸುಪಾಸು ಅಮೈನೊ ಆಮ್ಲಗಳ ಪ್ರೊಟೀನ್ ಕಟ್ಟುವ ಒಂದು ಪುಟ್ಟ ಜೀನೂ ಇದೆ. ಪೆಡ್-ಬಿಯ ಬಳಗದ್ದಿರಬೇಕು. ಅವಳು ವೃತ್ತದ ಅಳತೆ ಹೇಳುವ ಮೊದಲು ಆ ಪುಟ್ಟ ಜೀನಿನ ಅನುಕ್ರಮ ತಂದು ನನ್ನ ಮುಂದಿಟ್ಟಳು. ಅದನ್ನು ಸೂಕ್ಷ್ಮ ತಳಿಯೊಂದಕ್ಕೆ ಒಂಟಿಯಾಗಿ ಹಾಕಿ, ಆ ತಳಿ ಈಗ ಉಳಿಯುತ್ತದೆಯೇ ಎಂದು ನೋಡುವುದು ಮುಂದಿನ ಕೆಲಸ.